ಛತ್ರದವನ ಪಾಲು

ಪರೋಪಕಾರದ ಮಾತು ಬಂದಾಗ ಕ್ರೈಸ್ತ ಬಂಧುಗಳು ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕಥೆಯನ್ನು ಸ್ಮರಿಸುವರು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಹೊಡೆತದಿಂದ ಬಿದ್ದಿದ್ದವನನ್ನು ಯಾಜಕನೊಬ್ಬನೂ ಲೇವಿಯನೊಬ್ಬನೂ ಕಂಡೂ ಕಾಣದಂತೆ ದಾಟಿಹೋದರು. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೊಬ್ಬನು ಮಾತ್ರ ಗಾಯ ಕಟ್ಟಿ, ತನ್ನ ವಾಹನದ ಮೇಲೆ ಕುಳ್ಳಿರಿಸಿ, ಛತ್ರಕ್ಕೆ ಕರೆತಂದನು.

ಹೋಟೆಲು ಕಸಬಿನ ನಾವು ಆ ಛತ್ರದವನನ್ನು ಮರೆಯಬಾರದು. ಮರುದಿನ ಅವನ ಕೈಗೆ ದೊರೆತುದು ಎರಡು ದೀನಾರ, ಎಂದರೆ ಅಂದಿನ ಕೂಲಿಯಾಳಿನ ಎರಡು ದಿನದ ಸಂಬಳ. ಹೆಚ್ಚಿನ ವೆಚ್ಚಕ್ಕೆ ಬರಿಯ ಮಾತಿನ ಭರವಸೆ. ದಾನಿ ಪ್ರಯಾಣ ಮುಂದುವರಿಸಿದ ಮೇಲೆ ಶುಶ್ರೂಷೆಯ ಭಾರವೆಲ್ಲ ಛತ್ರದವನದೇ ಆಯಿತು.

ಅಂಥ ಭಾರವನ್ನು ಕನ್ನಡನಾಡಿನಲ್ಲಿ ಹೊತ್ತು ತೋರಿಸಿದವರು ಜರ್ಮನಿಯಿಂದ ಬಂದ ಫಾದರ್ ಮುಲ್ಲರ್. 1880ರಲ್ಲಿ ಮಂಗಳೂರಿನ ಕಂಕನಾಡಿಯ ಆಲದ ಮರದಡಿಯಲ್ಲಿ ಹೋಮಿಯೋಪತಿ ಔಷಧ ಕೊಡಲಾರಂಭಿಸಿದ ಅವರು 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ, 1902ರಲ್ಲಿ ಪ್ಲೇಗಿನವರಿಗೆ ಆಸ್ಪತ್ರೆಯನ್ನೂ ತೆರೆದರು. ಜನರು ಹೆದರಿ ದೂರವಿಟ್ಟವರನ್ನು ಹತ್ತಿರ ಕರೆದ ಆ ಪಾದ್ರಿಗಳಿಗೆ ಭಕ್ತಿಯೂ ಸೇವೆಯೂ ಬೇರೆಯಾಗಿರಲಿಲ್ಲ.

ಆಸ್ಪತ್ರೆ ಕಟ್ಟಿಸುವ ಶಕ್ತಿ ನಮಗಿಲ್ಲದಿರಬಹುದು. ಆದರೆ ಊರಿನಿಂದ ಬಂದ ಹುಡುಗನು ಜ್ವರದಿಂದ ಮಲಗಿದಾಗ ಜತೆಯವನು ಅವನ ಪಾಳಿಯನ್ನು ಹೊತ್ತುಕೊಳ್ಳಲಿ. ಅಡಿಗೆಯವನು ಒಂದು ಲೋಟ ಗಂಜಿ ಕಾಯಿಸಿಕೊಡಲಿ. ಭಾಷೆ ಬಲ್ಲ ಗುಮಾಸ್ತ ಮಿತ್ರನು ಆಸ್ಪತ್ರೆಯವರೆಗೆ ಜತೆಗೆ ಹೋಗಿ ಅರ್ಜಿ ತುಂಬಿಕೊಡಲಿ. ಇನ್ನು ಮಾಲಕರಲ್ಲಿ ನಮ್ಮ ವಿನಂತಿ ಒಂದೇ: ಆ ಜ್ವರದ ದಿನಗಳ ಸಂಬಳವನ್ನು ಹಿಡಿಯಬೇಡಿರಿ.