ಬೋರ್ ಒಂದೇ ದೊಡ್ಡದಾದರೆ ಸಾಲದು

ಮಂಗಳೂರಿನ ಕಂಕನಾಡಿ ಎಂದೊಡನೆ ನೆನಪಾಗುವುದು 1880ರಲ್ಲಿ ಆರಂಭವಾದ ಫಾದರ್ ಮುಲ್ಲರ್ ಆಸ್ಪತ್ರೆ, ಗರೋಡಿ ಕ್ಷೇತ್ರ, ಮಾರುಕಟ್ಟೆ. ಅಲ್ಲಿಂದ ಸ್ವಲ್ಪ ಮುಂದೆ, ಪಂಪ್‌ವೆಲ್‌ನಲ್ಲಿ, ಘಟ್ಟದ ಮೇಲಿಂದ ಬರುವ ರಸ್ತೆ ಕರಾವಳಿಯ ಹೆದ್ದಾರಿಯನ್ನು ಕೂಡುತ್ತದೆ. ವಾಹನ ಕೂಡುವಲ್ಲಿ ಅದರ ದುರಸ್ತಿಯ ಕಸುಬೂ ನೆಲೆಯೂರುತ್ತದೆ. ಮಂಗಳೂರಿಗೆ ಈ ಕಸುಬು ಹೊಸದಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಹಂಚಿನ ಕಾರ್ಖಾನೆ ಎದ್ದಾಗಲೇ ಯಂತ್ರ ಬಿಚ್ಚಿ ಜೋಡಿಸುವ ಕೈಗಳು ಇಲ್ಲಿ ಬೇಕಾದವು, 1914ರಲ್ಲಿ ಸಿ.ಪಿ.ಸಿ. ಕಂಪನಿ ಹುಟ್ಟಿ ಬಸ್ಸುಗಳು ಓಡತೊಡಗಿದ ಮೇಲಂತೂ ಎಂಜಿನ್ ಬಲ್ಲವನಿಗೆ ಊರಲ್ಲಿ ಬೆಲೆ ಬಂತು. ಆ ಪರಂಪರೆಯ ಅತಿ ಸೂಕ್ಷ್ಮ ಕೊಂಡಿ ಸಿಲಿಂಡರ್ ಬೋರಿಂಗ್. ಈ ಕೆಲಸಕ್ಕೆ ಬರುವವರು ಎರಡು ಬಗೆ: ಸವೆದ ಎಂಜಿನ್ನನ್ನು ಮೊದಲಿನಂತೆ ಮಾಡಿಸಿಕೊಳ್ಳಬೇಕಾದವರು ಮತ್ತು ಇದ್ದ ಎಂಜಿನ್ನಿನಿಂದ ಇನ್ನಷ್ಟು ಶಕ್ತಿ ಬಯಸುವವರು. ಎರಡನೆಯವರ ಕಿವಿಗೆ ಹಾಕಬೇಕಾದ ಮಾತೊಂದಿದೆ: ಎಂಜಿನ್ನಿಗೆ ಶಕ್ತಿ ಬರುವುದು ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಹಿಗ್ಗಿದ್ದರಿಂದಲ್ಲ, ಹಿಗ್ಗಿದ ಬೋರಿಗೆ ಉಳಿದ ಭಾಗಗಳೆಲ್ಲ ಹೊಂದಿಕೊಂಡದ್ದರಿಂದ.

ಮೊದಲು ಕೆಲಸದ ಬಗೆ ನೋಡೋಣ. ಪಿಸ್ಟನ್ ಲಕ್ಷಾಂತರ ಸಲ ಏರಿಳಿದಂತೆ ಸಿಲಿಂಡರ್ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ಉರಿಯ ಹತ್ತಿರದ ಮೇಲ್ಭಾಗ ಹೆಚ್ಚು, ಕೆಳಗೆ ಕಡಿಮೆ. ಪಿಸ್ಟನ್ ಒತ್ತುವ ಬದಿ ಹೆಚ್ಚು, ಉಳಿದೆರಡು ಬದಿ ಕಡಿಮೆ. ದುಂಡಗಿದ್ದದ್ದು ಅಂಡಾಕಾರವಾಗುತ್ತದೆ, ನೇರವಿದ್ದದ್ದು ಬಾಯಿ ಅಗಲವಾದ ಲೋಟದಂತಾಗುತ್ತದೆ. ಆಗ ಹೊಗೆ ಬರುತ್ತದೆ, ಪಿಕ್‌ಅಪ್ ಬೀಳುತ್ತದೆ, ಎಣ್ಣೆ ಉರಿಯುತ್ತದೆ. ಡಯಲ್ ಗೇಜ್ ಇಳಿಸಿ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಅಳೆದು, 0.25, 0.50, 0.75 ಅಥವಾ 1 ಮಿ.ಮೀ. ಓವರ್‌ಸೈಜ್ ಪಿಸ್ಟನ್ನಿಗೆ ತಕ್ಕಂತೆ ಕೊರೆದು, ಕೊನೆಗೆ ಹೋನಿಂಗ್ ಕಲ್ಲಿನಿಂದ ಒಳಗೋಡೆಗೆ ಅಡ್ಡಡ್ಡ ಗೀರು ಎಳೆಯುತ್ತಾರೆ. ಅವು ಎಣ್ಣೆ ಹಿಡಿದಿಡುವ ಗೀರುಗಳು. ಗೋಡೆ ಕನ್ನಡಿಯಂತೆ ನುಣುಪಾದರೆ ಎಣ್ಣೆ ನಿಲ್ಲುವುದಿಲ್ಲ, ಹೊಸ ರಿಂಗ್ ಕೂರುವುದಿಲ್ಲ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಎರಕದ ಕಬ್ಬಿಣದ ಲೈನರಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ನಡುವಿನ ಸಂದು ಕಡಿಮೆಯಾದರೆ ಎಂಜಿನ್ ಸೀಜ್, ಹೆಚ್ಚಾದರೆ ಪಿಸ್ಟನ್ ಬಡಿತ. ಕೂದಲೆಳೆಯಷ್ಟು ಜಾಗದಲ್ಲಿ ಕಸುಬುದಾರನ ಮರ್ಯಾದೆ ನಿಂತಿರುತ್ತದೆ.

ಈ ದುರಸ್ತಿಯಿಂದ ಸಿಸಿ ಹೆಚ್ಚುವುದು ಅತ್ಯಲ್ಪ. ಹಳೆಯ ಬುಲೆಟ್ 350ರ ಬೋರ್ 70 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ ಅಂದರೆ ಸ್ಟ್ರೋಕ್ 90 ಮಿ.ಮೀ.; ಒಟ್ಟು 346 ಸಿಸಿ. ಬೋರನ್ನು 71ಕ್ಕೆ ಏರಿಸಿದರೆ 356 ಸಿಸಿ, ಅಷ್ಟೇ. ಸಿಸಿ ಹೆಚ್ಚಿಸಲೆಂದೇ ಬೋರ್ ಹಿಗ್ಗಿಸುವ ಬಿಗ್ ಬೋರ್ ಎಂದರೇನೆಂಬುದಕ್ಕೆ ಕಾರ್ಖಾನೆಯೇ ಮಾಡಿ ತೋರಿಸಿದ ಉದಾಹರಣೆ ಬುಲೆಟ್ 500. ಸ್ಟ್ರೋಕ್ ಅದೇ 90. ಬೋರ್ ಮಾತ್ರ 84. ಫಲ 499 ಸಿಸಿ. ಯಮಹಾ ಆರ್‌ಎಕ್ಸ್ 100ಕ್ಕೂ 135ಕ್ಕೂ ಇದೇ ನಂಟು: ಸ್ಟ್ರೋಕ್ ಎರಡರಲ್ಲೂ 50, ಬೋರ್ 50ರಿಂದ 58ಕ್ಕೆ. ಆದರೆ ಫಲವನ್ನು ಲೆಕ್ಕ ಹಾಕಿ ನೋಡಬೇಕು. ಬುಲೆಟ್‌ನ ಇದೇ ಅಳತೆಗಳಲ್ಲಿ ಕ್ಲಾಸಿಕ್ 350 ಕೊಡುತ್ತಿದ್ದ ಶಕ್ತಿ 19.8 ಬಿಎಚ್‌ಪಿ, ಕ್ಲಾಸಿಕ್ 500 ಕೊಟ್ಟದ್ದು 27.2. ಸಿಸಿ ಶೇ 44ರಷ್ಟು ಏರಿದರೂ ಶಕ್ತಿ ಏರಿದ್ದು ಶೇ 37ರಷ್ಟು ಮಾತ್ರ. ಇಂಧನ ವ್ಯವಸ್ಥೆಯನ್ನೇ ಬದಲಿಸಿಕೊಂಡ ಕಾರ್ಖಾನೆಗೆ ದಕ್ಕಿದ್ದು ಇಷ್ಟು. ಏನೂ ಬದಲಿಸದೆ ಬರೀ ಬೋರ್ ಹಿಗ್ಗಿಸಿದವನಿಗೆ ದಕ್ಕುವುದು ಇನ್ನೂ ಕಡಿಮೆ.

ಕಡಿಮೆಯಷ್ಟೇ ಅಲ್ಲ, ಅಪಾಯ ಕೂಡ. ಆ ಹಳೆಯ 350ರ ಕಂಪ್ರೆಷನ್ 8.5ಕ್ಕೆ 1, ಅಂದರೆ ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ ಸುಮಾರು 46 ಸಿಸಿ. ಆ ಜಾಗವನ್ನು ಹಾಗೇ ಬಿಟ್ಟು 499 ಸಿಸಿಯ ಗಾಳಿಯನ್ನು ಅದರೊಳಕ್ಕೆ ಒತ್ತಿದರೆ ಕಂಪ್ರೆಷನ್ 12ರ ಹತ್ತಿರ ಬರುತ್ತದೆ. ಗಾಳಿಯಿಂದಷ್ಟೇ ತಣಿಯುವ, ಸಾದಾ ಪೆಟ್ರೋಲಿನ ಎಂಜಿನ್ನಿನಲ್ಲಿ ಇದು ನಾಕಿಂಗ್‌ಗೆ, ಅಂದರೆ ಮಿಶ್ರಣ ತಾನಾಗಿ ಹೊತ್ತಿ ಬಡಿಯುವುದಕ್ಕೆ, ಕೊಟ್ಟ ಕರೆ. ಹಾಗಾಗಿ ಪಿಸ್ಟನ್ನಿನ ನೆತ್ತಿಯನ್ನೋ ಹೆಡ್ಡನ್ನೋ ಬದಲಿಸಬೇಕು, ಗ್ಯಾಸ್ಕೆಟ್ ಹೊಸ ಅಳತೆಯದಿರಬೇಕು. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು: ಕಾರ್ಬ್ಯುರೇಟರಿನ ಜೆಟ್ ಅಥವಾ ಇಂಜೆಕ್ಷನ್ನಿನ ಲೆಕ್ಕ ಬದಲಾಗಬೇಕು, ಇಲ್ಲವಾದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಕರಗುತ್ತದೆ. ಪಿಸ್ಟನ್ ತೂಕ ಹೆಚ್ಚಿದರೆ ಕ್ರ್ಯಾಂಕಿನ ಸಮತೋಲ ತಪ್ಪುತ್ತದೆ. ಕ್ಲಚ್ ಹೊಸ ಎಳೆತವನ್ನು ತಾಳಬೇಕು. ಟೂ ಸ್ಟ್ರೋಕ್ ಆದರೆ ಪೋರ್ಟುಗಳ ಅಂಚು ಮಸೆಯಬೇಕು. ಮರೆತರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಕೊರೆದಷ್ಟೂ ಲೈನರಿನ ಗೋಡೆ ತೆಳುವಾಗುತ್ತದೆ ಎಂಬುದು ಎಲ್ಲಕ್ಕಿಂತ ಮೊದಲ ಮಿತಿ.

ಈ ವಿದ್ಯೆ ಚೆನ್ನಾಗಿ ಬೆಳೆದ ಒಂದು ಕ್ಷೇತ್ರ ರಸ್ತೆಯ ಹೊರಗಿದೆ: ಎಟಿವಿಗಳು. ನಮ್ಮಲ್ಲಿ ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಕಾಣುವ ಆ ನಾಲ್ಕು ದಪ್ಪ ಚಕ್ರದ ಬಂಡಿಗೆ ಹೊರದೇಶಗಳಲ್ಲಿ ಸಿಲಿಂಡರ್, ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಒಟ್ಟಾಗಿ ಕಿಟ್ ರೂಪದಲ್ಲೇ ದೊರೆಯುತ್ತವೆ. 1987ರಲ್ಲಿ ಬಂದ ಯಮಹಾ ಬ್ಯಾನ್‌ಶೀ ಅಂಥ ಎಟಿವಿಗಳಲ್ಲಿ ಪ್ರಸಿದ್ಧ. ಅದರ ಅವಳಿ ಸಿಲಿಂಡರುಗಳ ಅಳತೆ ಬೋರ್ 64, ಸ್ಟ್ರೋಕ್ 54 ಮಿ.ಮೀ. ನಮ್ಮ ಹಿರಿಯ ಮೆಕ್ಯಾನಿಕ್‌ಗಳು ರಾಜದೂತ್ 350ರಲ್ಲಿ ಕೈಯಾಡಿಸಿದ ಅಳತೆಯೂ ಅದೇ. ಬೆಲ್ಟಿನಿಂದ ಓಡುವ ಎಟಿವಿಗೆ ಬಿಗ್ ಬೋರ್ ಹಾಕಿದವರು ಕ್ಲಚ್ಚಿನ ರೋಲರ್ ತೂಕವನ್ನೂ ಬದಲಿಸಿಕೊಳ್ಳುತ್ತಾರೆ. ಕಿಟ್ ಕಲಿಸುವ ಪಾಠವೂ ಅದೇ: ಒಂದನ್ನು ಮುಟ್ಟಿದರೆ ಉಳಿದದ್ದನ್ನೂ ಮುಟ್ಟಬೇಕು.

ಇಷ್ಟೆಲ್ಲ ಏಕೆ, ದೊಡ್ಡ ಗಾಡಿಯನ್ನೇ ಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ರಸ್ತೆಯ ಸವಾರನ ಮಟ್ಟಿಗೆ ಅದು ಸರಿಯಾದ ಪ್ರಶ್ನೆ, ಕಾನೂನೂ ಅದರ ಪರವಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಹಾಗಾಗಿ ತಯಾರಕರೇ ಗೊತ್ತುಮಾಡಿದ ಓವರ್‌ಸೈಜ್ ಪಿಸ್ಟನ್ ಹಾಕುವ ದುರಸ್ತಿ ರಸ್ತೆಗೆ ಇರಲಿ, ಬಿಗ್ ಬೋರ್ ರೇಸ್ ಟ್ರ್ಯಾಕಿಗೂ ಖಾಸಗಿ ನೆಲದಲ್ಲಿ ಓಡುವ ಎಟಿವಿಗೂ ಇರಲಿ. ಹೀಗೆ ಹೇಳಿದರೆ ವಿದ್ಯೆಗೆ ಕುಂದಲ್ಲ, ಅದರ ಜಾಗ ಗೊತ್ತಾಗುತ್ತದೆ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಹಲವು ಹೊಸ ಎಂಜಿನ್ನುಗಳ ಸಿಲಿಂಡರಿಗೆ ನಿಕಲ್ ಲೇಪವಿರುತ್ತದೆ, ಸವೆದರೆ ಇಡೀ ಬ್ಲಾಕ್ ಬದಲಿಸುತ್ತಾರೆ, ಮತ್ತೆ ಬೋರಿಂಗ್ ಯಾರಿಗೆ ಬೇಕು? ಲೇಪದ ಸಿಲಿಂಡರನ್ನು ಹಳೆಯ ರೀತಿಯಲ್ಲಿ ಕೊರೆಯಲಾಗದು ಎಂಬುದು ನಿಜ. ಆದರೆ ಅಡಿಕೆ ತೋಟದ ಪಂಪ್‌ಸೆಟ್, ದೋಣಿಯ ಎಂಜಿನ್, ಹಳೆಯ ಬೈಕ್‌ಗಳ ಕಬ್ಬಿಣದ ಲೈನರ್ ಈ ಜಿಲ್ಲೆಯಲ್ಲಿ ಇನ್ನೂ ಬಹುಕಾಲ ಉಳಿಯುತ್ತವೆ. ಹೊಸ ಬ್ಲಾಕಿಗೂ ರಿಂಗಿನ ಸಂದು ಅಳೆಯುವ ಕೈ ಬೇಕೇ ಬೇಕು. ಕೊರೆಯುವ ಯಂತ್ರ ಹಳತಾಗಬಹುದು, ಅಳೆಯುವ ವಿವೇಕ ಹಳತಾಗದು.

ಅಂಥ ವಿವೇಕವನ್ನು ಗುರುತಿಸುವುದು ಗ್ರಾಹಕನಿಗೆ ಕಷ್ಟವಲ್ಲ. ಒಳ್ಳೆಯ ಬೋರಿಂಗ್ ಕೆಲಸಗಾರ ಬರೀ ಬ್ಲಾಕ್ ಹಿಡಿದು ಬಂದವನಿಗೆ ಮೊದಲು ಪಿಸ್ಟನ್ ತರಲು ಹೇಳುತ್ತಾನೆ. ಅದನ್ನು ಅಳೆದ ಮೇಲಷ್ಟೇ ಯಂತ್ರಕ್ಕೆ ಕೈ ಹಾಕುತ್ತಾನೆ.