ಸೆರೆಮನೆ ಊರಮನೆಯಾದ ಬಗೆ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಯ ಮಕ್ಕಳನ್ನು ‘ಜೈಲು ಎಲ್ಲಿದೆ?’ ಎಂದು ಕೇಳಿದರೆ ಪರಪ್ಪನ ಅಗ್ರಹಾರ ಎನ್ನುತ್ತಾರೆ. ಅವರ ಅಜ್ಜ ಅಜ್ಜಿಯರ ಕಾಲಕ್ಕೆ ಜೈಲು ಇದ್ದದ್ದು ಮೆಜೆಸ್ಟಿಕ್ಕಿನ ಹತ್ತಿರ, ಶೇಷಾದ್ರಿ ರಸ್ತೆಯಲ್ಲಿ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರ ಕೈಯಲ್ಲಿದ್ದ 1860ರ ದಶಕದಲ್ಲಿ ಕಟ್ಟಿದ ಸೆಂಟ್ರಲ್ ಜೈಲು ಅದು. 2000ದ ಹೊತ್ತಿಗೆ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದರು. 2008ರ ನವೆಂಬರಿನಲ್ಲಿ ಹಳೆಯ ಜೈಲಿನ ಜಾಗ ‘ಸ್ವಾತಂತ್ರ್ಯ ಉದ್ಯಾನ’ವಾಗಿ ಜನರಿಗೆ ತೆರೆಯಿತು. ಜನರ ಬಾಯಲ್ಲಿ ಅದು ಫ್ರೀಡಂ ಪಾರ್ಕ್.

ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ನಟ್ಟನಡುವಿನ ಕಾವಲು ಗೋಪುರ. ಬ್ಯಾರಕ್‌ಗಳು ಅದರ ಸುತ್ತ ಚಕ್ಕಡಿಯ ಗಾಲಿಯ ಅರೆಕಾಲುಗಳಂತೆ ಹರಡಿಕೊಂಡಿದ್ದವು. ನಡುವೆ ನಿಂತ ಒಬ್ಬ ಕಾವಲುಗಾರ ಎಲ್ಲ ದಿಕ್ಕಿಗೂ ಕಣ್ಣಿಡಬಹುದು. ಅವನು ಯಾರನ್ನು ನೋಡುತ್ತಿದ್ದಾನೆಂದು ಕೈದಿಗೆ ತಿಳಿಯದು. ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ 18ನೇ ಶತಮಾನದ ಕೊನೆಯಲ್ಲಿ ಮುಂದಿಟ್ಟ ಕಲ್ಪನೆಯಿದು. ಉದ್ಯಾನವನ್ನು ರೂಪಿಸಿದ ಬೆಂಗಳೂರಿನ ವಾಸ್ತುಶಿಲ್ಪಿಗಳಾದ ಮ್ಯಾಥ್ಯೂ ಮತ್ತು ಘೋಷ್ ಆ ಗೋಪುರವನ್ನೂ ಹಳೆಯ ಗೋಡೆಗಳನ್ನೂ ಉಳಿಸಿಕೊಂಡರು. ಇದು ಅವರು ಮಾಡಿದ ದೊಡ್ಡ ಕೆಲಸ. ಎಲ್ಲವನ್ನೂ ಕೆಡವಿ ಹುಲ್ಲು ಹಾಸಿದ್ದರೆ ಊರಿನ ನೆನಪೇ ಅಳಿಯುತ್ತಿತ್ತು.

ಆ ನೆನಪು ಸಣ್ಣದಲ್ಲ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಕೆಲಸಕ್ಕೆಂದು ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿಗೆ ಬಂದಿದ್ದರು. ತುರ್ತು ಪರಿಸ್ಥಿತಿ ಜಾರಿಯಾದ ಮರುದಿನವೇ, 26ರಂದು, ಅವರ ಬಂಧನವಾಯಿತು. ಅವರನ್ನಿಟ್ಟದ್ದು ಇದೇ ಜೈಲಿನಲ್ಲಿ. ರಾಷ್ಟ್ರ ಪ್ರಶಸ್ತಿಯಾದ ಸ್ವರ್ಣ ಕಮಲ ಪಡೆದ ಮೊದಲ ಕನ್ನಡ ಚಿತ್ರ ‘ಸಂಸ್ಕಾರ’ದಲ್ಲಿ ಚಂದ್ರಿಯ ಪಾತ್ರ ಮಾಡಿದ ನಟಿ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬಂಧನಕ್ಕೊಳಗಾಗಿ ಎಂಟು ತಿಂಗಳು ಇಲ್ಲಿದ್ದರು. ಅವರಿಗೆ ತೀವ್ರ ಆಸ್ತಮಾ. ಉಸಿರಿಗೆ ಒದ್ದಾಡುತ್ತಲೇ ದಿನಚರಿ ಬರೆದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 20ರಂದು, ತೀರಿಕೊಂಡರು.

ಹಳೆಯ ಸೆರೆಮನೆಗಳು ಹೊಸ ರೂಪ ಪಡೆಯುವುದು ಬೇರೆಡೆಯೂ ಉಂಟು. ಅಮೆರಿಕದ ಬಾಸ್ಟನ್ನಿನ ಹಳೆಯ ಚಾರ್ಲ್ಸ್ ಸ್ಟ್ರೀಟ್ ಜೈಲು ಇಂದು ಐಷಾರಾಮಿ ಹೋಟೆಲು. ಬೇರೆ ದೇಶಗಳಲ್ಲಿ ಸೆರೆಮನೆಗಳು ವಾಸದ ಮನೆಗಳೂ ಆಗಿವೆ. ನಮ್ಮ ಸೆರೆಮನೆ ಒಬ್ಬರ ಮನೆಯಾಗದೆ ಇಡೀ ಊರಿನ ಮನೆಯಾಯಿತು. ಬೆಳಿಗ್ಗೆ ಜನ ಇಲ್ಲಿ ವಾಯುವಿಹಾರ ಮಾಡುತ್ತಾರೆ. ಹೊತ್ತೇರಿದಂತೆ ರೈತರು, ಆಶಾ ಕಾರ್ಯಕರ್ತೆಯರು, ಅಂಗನವಾಡಿ ನೌಕರರು ದೂರದ ಜಿಲ್ಲೆಗಳಿಂದ ಬಂದು ಧರಣಿ ಕೂರುತ್ತಾರೆ. ಮಾತಾಡಿದ್ದಕ್ಕೆ ಜನರನ್ನು ಕೂಡಿಹಾಕಿದ ಜಾಗದಲ್ಲೇ ಇಂದು ಜನ ಗಟ್ಟಿಯಾಗಿ ಮಾತಾಡುತ್ತಾರೆ. ಆದರೆ 2021ರ ಪೊಲೀಸ್ ಆದೇಶದ ನಂತರ ನಗರದ ಪ್ರತಿಭಟನೆಗಳನ್ನೆಲ್ಲ ಈ ಒಂದೇ ಆವರಣಕ್ಕೆ ಸೀಮಿತಗೊಳಿಸಲಾಗಿದೆ. ದನಿಗೆ ಮತ್ತೆ ಗೋಡೆ ಕಟ್ಟಿದಂತಾಗಬಾರದು ಎಂಬ ಎಚ್ಚರ ನಮಗಿರಬೇಕು.

ಬನಶಂಕರಿಯಿಂದಲೋ ಜಯನಗರದಿಂದಲೋ ಹಸಿರು ಮಾರ್ಗದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ಸರ್ ಎಂ. ವಿಶ್ವೇಶ್ವರಯ್ಯ. ಅಲ್ಲಿಂದ ನಡೆದೇ ಹೋಗಬಹುದು. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಗೋಪುರದ ನೆರಳಲ್ಲಿ ನಿಂತು ಅವರಿಗೆ ಸ್ನೇಹಲತಾ ಅವರ ಕಥೆ ಹೇಳಿ.