ಪ್ರಮಾಣಬದ್ಧ ಪ್ರತಿಕೃತಿ: ಕಾರು, ಹರಿಗೋಲು, ಚಕ್ಕಡಿ

ಗದಗಿನಿಂದ ಪೂರ್ವಕ್ಕೆ ಸುಮಾರು 12 ಕಿಲೋಮೀಟರು ಸಾಗಿದರೆ ಸಿಗುವ ಲಕ್ಕುಂಡಿಯಲ್ಲಿ, ಕಾಶಿವಿಶ್ವೇಶ್ವರ ದೇವಾಲಯದ ಹೊರಭಿತ್ತಿಯ ಅರೆಗಂಬಗಳ ಮೇಲೆಯೂ ಅವುಗಳ ನಡುವೆಯೂ ಕಂಡರಿಸಿರುವ ಕಿರುಶಿಖರಗಳನ್ನು ಸಾವಧಾನದಿಂದ ನಿರೀಕ್ಷಿಸಿದವರಿಗೆ, ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ದೊಡ್ಡ ಗುಡಿಯೊಂದನ್ನು ಕಟ್ಟುವಾಗಲೇ ಅದರ ಮೈಮೇಲೆ ಹಲವಾರು ಚಿಕ್ಕ ಗುಡಿಗಳನ್ನೂ ಕಟ್ಟಿದರೆಂಬ ಸಂಗತಿಯು ಮನದಟ್ಟಾಗುತ್ತದೆ. ಅವುಗಳಲ್ಲಿ ಕೆಲವು ದ್ರಾವಿಡ ಕ್ರಮದವು. ಕೆಲವು, ದೂರದ ಉತ್ತರದೇಶದ ವಿಧಾನವನ್ನೂ ಈ ನಾಡಿನ ಉಳಿ ಬಲ್ಲುದೆಂದು ತೋರಿಸುವಂತೆ, ನಾಗರ ಕ್ರಮದವು. ಮೆದುವಾದ ಬಳಪದ ಕಲ್ಲು ಕೈಗೆ ಸಿಕ್ಕಿದ್ದರಿಂದ ಇಂತಹ ಸೂಕ್ಷ್ಮವು ಸಾಧ್ಯವಾಯಿತು. ಆದರೆ ಕಲ್ಲು ಮೆದುವಾದ ಮಾತ್ರಕ್ಕೆ ಅಂಗುಲಪ್ರಮಾಣದ ತಲಗಳೂ ಗ್ರೀವವೂ ಕಲಶವೂ ತಮ್ಮತಮ್ಮ ಅನುಪಾತದಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಅಳತೆಯ ಜ್ಞಾನ ಬೇಕು. ಲಕ್ಷ್ಮೇಶ್ವರದ ಶಂಖಬಸದಿಯಲ್ಲಿ, ಸಾಲುಸಾಲಾಗಿ ಕಿಕ್ಕಿರಿದ ಕಿರುಜಿನಬಿಂಬಗಳಿಂದ ಕೂಡಿದ ಸಹಸ್ರಕೂಟವನ್ನು ಕಂಡವರಿಗೂ ಇದೇ ಭಾವವು ಬರುವುದು. ಪ್ರತಿಕೃತಿಯ ನಿರ್ಮಾಣವೆಂಬ ಈ ಹವ್ಯಾಸವು ಪ್ಲಾಸ್ಟಿಕ್ ಪೆಟ್ಟಿಗೆಯೊಡನೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂದುದೆಂದು ಭಾವಿಸುವವರು ಒಮ್ಮೆ ಈ ಗೋಡೆಗಳನ್ನು ನೋಡಿ ಬರಬೇಕು.

ಪ್ರಮಾಣಬದ್ಧ ಪ್ರತಿಕೃತಿಗೂ ಆಟಿಕೆಗೂ ಇರುವ ಅಂತರವು ಒಂದೇ ನಿಯಮದಲ್ಲಿ ಅಡಗಿದೆ. ಮೂಲವಸ್ತುವಿನ ಪ್ರತಿಯೊಂದು ಉದ್ದವನ್ನೂ ಒಂದೇ ಸಂಖ್ಯೆಯಿಂದ ಭಾಗಿಸತಕ್ಕದ್ದು. ಉದ್ದಕ್ಕೆ ಒಂದು ಭಾಜಕ, ಗಾಲಿಗೆ ಇನ್ನೊಂದು ಭಾಜಕ ಎಂಬ ಸಡಿಲಿಕೆಗೆ ಇಲ್ಲಿ ಅವಕಾಶವಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಮ್ಮ ಮನೆಮನೆಗಳಲ್ಲಿ ರೂಪುಗೊಳ್ಳುವ ಮಣ್ಣಿನ ಎತ್ತುಗಳ ಹಿಣಿಲು ದೊಡ್ಡದು, ಕೊಂಬು ದೊಡ್ಡವು, ಕಾಲು ಗಿಡ್ಡ. ಮುಂದಿರಿಸಿದ ಮೇವಿನ ಗ್ವಾದಲಿಯಂತೂ ಎತ್ತಿನ ಅಳತೆಗೆ ಸಂಬಂಧಿಸಿದುದೇ ಅಲ್ಲ. ಅಲ್ಲಿ ಕೈ ನಡೆಯುವುದು ಭಕ್ತಿಯ ಮತ್ತು ಅಕ್ಕರೆಯ ಪ್ರೇರಣೆಯಿಂದ, ರೈತನ ಕಣ್ಣು ಎತ್ತಿನಲ್ಲಿ ಮೆಚ್ಚುವ ಅಂಗವನ್ನು ಹಿಗ್ಗಿಸುತ್ತ. ಅದು ತನ್ನಷ್ಟಕ್ಕೆ ಪೂರ್ಣವಾದ ಕಲೆ. ಪ್ರತಿಕೃತಿಕಾರನ ವ್ರತವು ಬೇರೆ. ತನಗೆ ಪ್ರಿಯವಾದ ಭಾಗವನ್ನೂ ಅಪ್ರಿಯವಾದುದನ್ನೂ ಅವನು ಒಂದೇ ಪ್ರಮಾಣದಲ್ಲಿ ಕುಗ್ಗಿಸಬೇಕು.

ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಕಾರಿನ ಕಿಟ್ಟುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪ್ರಮಾಣಗಳು 1:24 ಮತ್ತು 1:25. ಸುಮಾರು 4.3 ಮೀಟರು ಉದ್ದವಿದ್ದ ನಮ್ಮ ಅಂಬಾಸಡರ್ ಕಾರು 1:24ರಲ್ಲಿ ಸುಮಾರು 18 ಸೆಂಟಿಮೀಟರು ಆಗುವುದು. 11 ಮೀಟರು ಉದ್ದದ ಬಸ್ಸನ್ನು ಅದೇ ಪ್ರಮಾಣದಲ್ಲಿ ಕಟ್ಟಿದರೆ ಅದಕ್ಕೆ 46 ಸೆಂಟಿಮೀಟರಿನ ಅಟ್ಟಣಿಗೆ ಬೇಕಾಗುವುದು. ದೊಡ್ಡ ಹಡಗುಗಳನ್ನು 1:350 ಅಥವಾ 1:700ಕ್ಕೆ ಇಳಿಸುವರು. ಇಲ್ಲವಾದರೆ ಅವು ಮನೆಯೊಳಗೆ ಹಿಡಿಯವು.

ಪೆಟ್ಟಿಗೆಯ ಕಿಟ್ಟುಗಳ ಚರಿತ್ರೆಯಲ್ಲಿ ನಮ್ಮ ಎರೆನೆಲದ ಓದುಗರಿಗೆ ಹಿತವೆನಿಸುವ ಅಂಶವೊಂದುಂಟು. ಇಂಗ್ಲೆಂಡಿನ ಏರ್‌ಫಿಕ್ಸ್ ಸಂಸ್ಥೆಯು 1949ರಲ್ಲಿ ಈ ಕ್ಷೇತ್ರಕ್ಕೆ ಕಾಲಿಟ್ಟದ್ದು ಫರ್ಗುಸನ್ ಟ್ರ್ಯಾಕ್ಟರಿನ ಪ್ರತಿಕೃತಿಯಿಂದ. ಟ್ರ್ಯಾಕ್ಟರು ಮಾರುವವರ ಕೈಗೆ ತೋರಿಕೆಗಾಗಿ ಕೊಡಲು ಮಾಡಿದ ಆ ವಸ್ತುವು ಮುಂದೆ ಬಿಡಿಭಾಗಗಳ ರೂಪದಲ್ಲಿ ಮಾರಾಟಕ್ಕೆ ಬಂದಿತು. 1952ರಲ್ಲಿ ಅದೇ ಸಂಸ್ಥೆಯು ಗೋಲ್ಡನ್ ಹೈಂಡ್ ಎಂಬ ಹಳೆಯ ಹಾಯಿಹಡಗಿನ ಚಿಕ್ಕ ಕಿಟ್ಟನ್ನು ಎರಡು ಶಿಲ್ಲಿಂಗಿಗೆ ಮಾರಿ ಹವ್ಯಾಸವನ್ನು ಸಾಮಾನ್ಯರ ಅಂಗೈಗೆ ತಂದಿತು. ಅಮೆರಿಕೆಯ ಎಎಂಟಿ ಸಂಸ್ಥೆಯು 1958ರಲ್ಲಿ ಹೊರತಂದ ಕಾರಿನ ಕಿಟ್ಟುಗಳಲ್ಲಿ ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರ್ಖಾನೆಯ ರೂಪದ ಕಾರನ್ನಾಗಲಿ, ಮಾಲೀಕನ ಅಭಿರುಚಿಗೆ ತಕ್ಕಂತೆ ಮಾರ್ಪಡಿಸಿದ ಕಾರನ್ನಾಗಲಿ, ಪಂದ್ಯದ ಕಾರನ್ನಾಗಲಿ ಕಟ್ಟಬಹುದಾಗಿತ್ತು. ನನ್ನ ಮತದಲ್ಲಿ ಈ ಮೂರನೆಯ ಘಟನೆಯೇ ಎಲ್ಲಕ್ಕಿಂತ ಮಹತ್ತ್ವದ್ದು. ಪೆಟ್ಟಿಗೆಯ ಮೇಲಿನ ಚಿತ್ರವು ಅಪ್ಪಣೆಯಾಗಿರದೆ ಒಂದು ಸೂಚನೆ ಮಾತ್ರವೆಂಬ ತಿಳಿವಳಿಕೆಯು ಅಂದಿನಿಂದ ಹವ್ಯಾಸಿಗಳಲ್ಲಿ ಬೇರೂರಿತು.

ಆ ತಿಳಿವಳಿಕೆಯನ್ನು ನಾವು ನಮ್ಮ ರಸ್ತೆಗಳಿಗೆ ಅನ್ವಯಿಸಿಕೊಳ್ಳಬೇಕು. ಅಂಗಡಿಯಲ್ಲಿ ದೊರೆಯುವ ಕಿಟ್ಟುಗಳು ಬಹುಮಟ್ಟಿಗೆ ಪರದೇಶದ ವಾಹನಗಳವು. ಅವುಗಳಲ್ಲಿ ಹಲವುಗಳ ಚಾಲಕನ ಆಸನ ಎಡಕ್ಕಿರುವುದು, ಸಂಖ್ಯಾಫಲಕ ಬೇರೆ, ಹೊಳಪು ಬೇರೆ. ಚುಕ್ಕಾಣಿಯನ್ನು ಬಲಕ್ಕೆ ಸಾಗಿಸಿ, ಗದಗ ಜಿಲ್ಲೆಯ ಕೆಎ-26 ಎಂಬ ಫಲಕವನ್ನು ಬರೆದು, ಮೇಲ್ಛಾವಣಿಗೆ ಸಾಮಾನು ಹೇರುವ ಚೌಕಟ್ಟನ್ನು ತೆಳುತಂತಿಯಿಂದ ಬೆಸುಗೆ ಹಾಕಿ ಕೂಡಿಸಿದರೆ ಪರದೇಶದ ಕಾರು ಮುಂಡರಗಿಯ ಬಸ್ ನಿಲ್ದಾಣದ ಮುಂದಿನ ಬಾಡಿಗೆಯ ಕಾರಾಗುವುದು. ನಮ್ಮ ಸಾರಿಗೆ ಬಸ್ಸುಗಳಿಗಂತೂ ಕಿಟ್ಟಿನ ಹಂಗೇ ಬೇಡ. ಕರ್ನಾಟಕದ ತರುಣ ಹವ್ಯಾಸಿಗಳು ಫೋಮ್ ಶೀಟು, ರಟ್ಟು, ಪಾರದರ್ಶಕ ಹಾಳೆಗಳಿಂದ ಅವನ್ನು ಕಿಟಕಿಯ ಸರಳು, ಹಿಂದಿನ ಏಣಿ, ಊರಿನ ನಾಮಫಲಕಗಳ ಸಮೇತ ತಯಾರಿಸುತ್ತಿರುವುದನ್ನು ಕಂಡರೆ ಸಂತೋಷವಾಗುತ್ತದೆ.

ಕೆಲಸದ ಕ್ರಮದ ವಿವರಕ್ಕೆ ಬರೋಣ. ಕಿಟ್ಟಿನ ಭಾಗಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅವನ್ನು ಕೈಯಿಂದ ಮುರಿಯದೆ, ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೊಳಕೆಯನ್ನು ಹರಿತವಾದ ಚಾಕುವಿನಿಂದ ಸವರಿ, ನೀರಿನಲ್ಲಿ ಅದ್ದಿದ ಉಸುಕಿನ ಕಾಗದದಿಂದ ತಿಕ್ಕತಕ್ಕದ್ದು. ಅಚ್ಚಿನಿಂದ ಬಿಡಿಸುವಾಗ ಹತ್ತಿದ ಎಣ್ಣೆಯ ಪಸೆಯು ಉಳಿದಿರಬಹುದಾದ್ದರಿಂದ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸುವುದು ಅವಶ್ಯ. ಅಂಟು ಹಚ್ಚುವ ಮೊದಲು ಭಾಗಗಳನ್ನು ಒಣದಾಗಿಯೇ ಜೋಡಿಸಿ ನೋಡಬೇಕು. ಅನುಭವಿಗಳು ಈ ಹಂತಕ್ಕೆ ಹೆಚ್ಚು ಹೊತ್ತು ಕೊಡುತ್ತಾರೆ. ಈ ಕೆಲಸದ ವಿಶೇಷವಾದ ಅಂಟು ಮರಕ್ಕೆ ಹಚ್ಚುವ ಅಂಟಿನಂತೆ ನಡುವೆ ನಿಂತು ಹಿಡಿಯುವುದಲ್ಲ. ಅದರಲ್ಲಿರುವ ದ್ರಾವಕವು ಎರಡೂ ಅಂಚುಗಳ ಪ್ಲಾಸ್ಟಿಕ್ಕನ್ನು ಕ್ಷಣಕಾಲ ಕರಗಿಸಿ, ತಾನು ಆವಿಯಾಗಿ ಹೋಗಿ, ಅವೆರಡನ್ನೂ ಏಕವಸ್ತುವಾಗಿ ಮಾಡುತ್ತದೆ. ಆ ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲವಾದ ಕಾರಣ ಕಿಟಕಿ ತೆರೆದೇ ಕೆಲಸ ಮಾಡಬೇಕು. ಮಕ್ಕಳನ್ನು ಒಬ್ಬರನ್ನೇ ಬಿಡಬಾರದು.

ಬಣ್ಣದ ವಿಷಯದಲ್ಲಿ ನಮ್ಮ ನೆರೆಯವರೇ ಗುರುಗಳು. ಮುಂಡರಗಿಯ ಪೂರ್ವದ ಕೊಪ್ಪಳ ಸೀಮೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳವರು ಹಗುರವಾದ ಮರದಿಂದ ಕೊರೆದ ಭಾಗಗಳನ್ನು ಕೂಡಿಸಿದ ಬಳಿಕ, ಹುಣಸೆಬೀಜದ ಸರಿಯನ್ನು ಮೈತುಂಬ ಬಳಿದು, ಅದರ ಮೇಲೆ ಬಟ್ಟೆಯ ತುಣುಕುಗಳನ್ನು ಅಂಟಿಸಿ, ನುಣ್ಣನೆಯ ಕಲ್ಲುಪುಡಿಯ ಲೇಪವನ್ನು ಕೊಟ್ಟು, ಆ ನೆಲೆಗಟ್ಟಿನ ಮೇಲೆಯೇ ವರ್ಣಗಳನ್ನು ಏರಿಸುವರು. ಸಂದುಗಳು ಮುಚ್ಚುವವು, ಮರದ ಎಳೆಗಳು ಮರೆಯಾಗುವವು, ಬಣ್ಣವು ಸಮನಾಗಿ ಹಿಡಿಯುವುದು. ಪ್ಲಾಸ್ಟಿಕ್ ಕಾರಿಗೆ ಹೊಡೆಯುವ ಪ್ರೈಮರಿನ ಕೆಲಸವೂ ತದ್ವತ್ತಾಗಿ ಇದೇ. ಅದರ ಮೇಲೆ ಬಣ್ಣವನ್ನು ಹಾಲಿನಷ್ಟು ತೆಳುವಾಗಿಸಿ, ಒಂದು ಪದರು ಪೂರ್ಣವಾಗಿ ಆರಿದ ಮೇಲೆ ಇನ್ನೊಂದರಂತೆ ಕೊಡಬೇಕು. ಇದು ಕೇವಲ ಅಂದದ ಪ್ರಶ್ನೆಯಲ್ಲ. 1:24ರ ಕಾರಿನ ಮೇಲೆ ಮಿಲಿಮೀಟರಿನ ಹತ್ತನೆಯ ಒಂದಂಶ ದಪ್ಪದ ಬಣ್ಣವೆಂದರೆ ನಿಜವಾದ ಕಾರಿನ ಮೇಲೆ ಎರಡೂವರೆ ಮಿಲಿಮೀಟರಿನ ಸಮೀಪದ ಲೇಪವಾಯಿತು. ಅಂತಹ ಲೇಪದ ಕೆಳಗೆ ಬಾಗಿಲಿನ ಗೆರೆಯೂ ಹಿಡಿಕೆಯೂ ಹೂತುಹೋಗುವುವು.

ಧೂಳಿಗೂ ಪ್ರಮಾಣವುಂಟೆಂಬುದನ್ನು ಬಹುಮಂದಿ ಮರೆಯುತ್ತಾರೆ. ನಮ್ಮ ಜಿಲ್ಲೆಯ ವಾಹನಗಳ ಮೈಮೇಲೆ ಬೀಳುವ ಮಣ್ಣು ಎರಡು ಬಗೆಯದು: ಹತ್ತಿ, ಕಡಲೆ, ಜೋಳ ಬೆಳೆವ ಕರಿಯ ಎರೆ ಮತ್ತು ಕೆಂಪು ಮಸಾರಿ. ಪ್ರತಿಕೃತಿಯ ಗಾಲಿಗೆ ನಿಜವಾದ ಮಣ್ಣನ್ನೇ ಬಳಿದರೆ ಅದು ನಿಜವೆನಿಸದು. ಅರ್ಧ ಮಿಲಿಮೀಟರಿನ ಉಸುಕಿನ ಕಣವೊಂದು 1:24ರಲ್ಲಿ 12 ಮಿಲಿಮೀಟರಿನ ಹರಳಾಗಿಬಿಡುತ್ತದೆ. ಆದ್ದರಿಂದ ಎರೆಯನ್ನು ಒಣಗಿಸಿ, ಕುಟ್ಟಿ, ದಟ್ಟವಾದ ಹತ್ತಿಬಟ್ಟೆಯಲ್ಲಿ ಸೋಸಿ, ಕೈಗೆ ಹತ್ತುವಂತಹ ಸೂಕ್ಷ್ಮಚೂರ್ಣವನ್ನು ಮಾತ್ರ ಕುಂಚದಿಂದ ಹಚ್ಚಬೇಕು. ವರ್ಣವನ್ನೂ ಮೂಲಕ್ಕಿಂತ ತುಸು ತಿಳಿಯಾಗಿಸುವುದು ವಾಡಿಕೆ; ದೂರದಿಂದ ಕಾಣುವ ವಸ್ತುವಿನ ಬಣ್ಣವು ನಡುವಿನ ಗಾಳಿಯಿಂದ ಮಂಕಾಗುತ್ತದೆ, ಚಿಕ್ಕದಾದುದನ್ನೂ ನಮ್ಮ ಕಣ್ಣು ದೂರದ್ದೆಂದೇ ಎಣಿಸುತ್ತದೆ.

ದೋಣಿಯ ಪ್ರತಿಕೃತಿಯಲ್ಲಿ ಪ್ರಮಾಣವು ಇನ್ನೂ ಗಹನವಾಗುವುದು, ಏಕೆಂದರೆ ಅಲ್ಲಿ ಕಣ್ಣಿನ ಜೊತೆಗೆ ನೀರೂ ಪರೀಕ್ಷಕನಾಗುತ್ತದೆ. ಮುಂಡರಗಿ, ಶಿರಹಟ್ಟಿ ಸೀಮೆಗಳ ದಕ್ಷಿಣದ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ದೋಣಿಯೆಂದರೆ ಹರಿಗೋಲು: ಬಿದಿರಿನ ಸೀಳುಗಳಿಂದ ದುಂಡಗೆ ಹೆಣೆದು, ಹಿಂದಿನ ಕಾಲದಲ್ಲಿ ತೊಗಲನ್ನೂ ಈಗ ಡಾಂಬರು ಬಳಿದ ಹಾಳೆಯನ್ನೂ ಹೊದಿಸಿದ ತೆಪ್ಪ. ಎರಡೂವರೆ ಮೀಟರು ಅಗಲದ ಹರಿಗೋಲನ್ನು 1:10ಕ್ಕೆ ಇಳಿಸಿದರೆ 25 ಸೆಂಟಿಮೀಟರಿನ ಬುಟ್ಟಿಯಾಗುತ್ತದೆ. ಉದ್ದವು ಹತ್ತನೆಯ ಒಂದಂಶವಾದಾಗ ಕ್ಷೇತ್ರಫಲವು ನೂರನೆಯ ಒಂದಂಶವೂ, ಘನಫಲವು ಸಾವಿರದ ಒಂದಂಶವೂ ಆಗುವುವು; ತೇಲುವ ವಸ್ತುವು ತನ್ನ ಭಾರದಷ್ಟೇ ನೀರನ್ನು ಸರಿಸುವುದರಿಂದ ಭಾರವೂ ಸಾವಿರದ ಒಂದಂಶವೇ ಆಗಬೇಕು. ಮೂಲವು 60 ಕಿಲೋಗ್ರಾಂ ಇದ್ದರೆ ಪ್ರತಿಕೃತಿಯು 60 ಗ್ರಾಂ. ತಲಾ 60 ಕಿಲೋಗ್ರಾಮಿನ ಎಂಟು ಜನರ ಬದಲಿಗೆ 480 ಗ್ರಾಂ ಉಸುಕು. ಹೀಗೆ ತೂಗಿ ನೀರಿಗೆ ಬಿಟ್ಟಾಗ, ಹೊಳೆಯಲ್ಲಿ ದೊಡ್ಡ ಹರಿಗೋಲು ಮುಳುಗುವ ಆಳದ ಹತ್ತನೆಯ ಒಂದಂಶಕ್ಕೆ ಚಿಕ್ಕದು ಬಂದು ನಿಲ್ಲುವುದನ್ನು ಯಾವ ಶಾಲೆಯ ಮಕ್ಕಳಾದರೂ ಅಳೆದು ನೋಡಬಹುದು.

ಆದರೆ ಅದರ ಓಲಾಟವು ಮೂಲದಂತಿರದೆ ಚುರುಕಾಗಿರುತ್ತದೆ. ಅಲೆ ಮತ್ತು ಗುರುತ್ವಗಳ ಚಲನೆಯಲ್ಲಿ ಕಾಲವೂ ವೇಗವೂ ಪ್ರಮಾಣದ ವರ್ಗಮೂಲದಂತೆ ಕುಗ್ಗುವುದೇ ಇದಕ್ಕೆ ಕಾರಣ. 1:25ರ ಹಡಗನ್ನು ಮೂಲದ ವೇಗದ ಐದನೆಯ ಒಂದಂಶದಲ್ಲಿ ಎಳೆದರೆ ಮಾತ್ರ ಅದರ ಅಲೆಗಳು ನಿಜವಾದ ಹಡಗಿನ ಅಲೆಗಳನ್ನು ಹೋಲುವುವು. ಇಂಗ್ಲೆಂಡಿನ ವಿಲಿಯಂ ಫ್ರೂಡ್ ಎಂಬ ವಿದ್ವಾಂಸನು 1867ರಲ್ಲಿ ಎರಡು ಆಕಾರದ ಮಾದರಿ ಹಡಗುಗಳನ್ನು ನದಿಯಲ್ಲಿ ಎಳೆದು ಆರಂಭಿಸಿದ ಈ ವಿಚಾರವು, 1872ರಲ್ಲಿ ಟಾರ್ಕಿ ಪಟ್ಟಣದ ತನ್ನ ಮನೆಯ ಬಳಿ ಆತನು ಕಟ್ಟಿಸಿದ ಜಲಕುಂಡದಿಂದ ಶಾಸ್ತ್ರದ ಪದವಿಗೇರಿತು. ನಮ್ಮಲ್ಲಿಯೂ, ಕೃಷ್ಣರಾಜಸಾಗರದ ಬಳಿ 1944ರಲ್ಲಿ ಸ್ಥಾಪಿತವಾದ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟುಗಳ ಮಾದರಿಗಳ ಮೇಲೆ ನೀರು ಹರಿಸಿ ಪರೀಕ್ಷಿಸುವರು. ಬೆಂಗಳೂರಿನ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯದ ಗಾಳಿಸುರಂಗದಲ್ಲಿ ವಿಮಾನಗಳ ಚಿಕ್ಕ ಮಾದರಿಗಳನ್ನು ನಿಲ್ಲಿಸಿ ಗಾಳಿಯ ಬಲವನ್ನು ಅಳೆಯುವರು. ಮಕ್ಕಳ ಆಟವೆಂದು ಕೆಲವರು ಕಡೆಗಣಿಸುವ ಈ ಕೆಲಸದ ಮೇಲೆ ಅಣೆಕಟ್ಟುಗಳ ಭದ್ರತೆಯು ನಿಂತಿದೆ.

ಗುಡಿಯ ಪ್ರತಿಕೃತಿಯನ್ನು ಕಟ್ಟಬಯಸುವವರಿಗೆ ಮುಂಡರಗಿ ತಾಲೂಕಿನ ಡಂಬಳದ ದೊಡ್ಡಬಸಪ್ಪ ದೇವಾಲಯಕ್ಕಿಂತ ಮಿಗಿಲಾದ ಪಾಠವಿಲ್ಲ. ಹನ್ನೆರಡನೆಯ ಶತಮಾನದ ಆ ಗುಡಿಯ ಗರ್ಭಗೃಹದ ಹೊರರೇಖೆಯು 24 ಮೂಲೆಗಳ ನಕ್ಷತ್ರ. ರಟ್ಟಿನ ಮೇಲೆ ಒಂದು ಸಮಚತುರಸ್ರವನ್ನು ಬರೆದು, ಅದರ ಕೇಂದ್ರವನ್ನು ಸೂಜಿಯಿಂದ ಹಿಡಿದು, 15 ಡಿಗ್ರಿಗೊಮ್ಮೆ ತಿರುಗಿಸುತ್ತ ಒಟ್ಟು ಆರು ಚತುರಸ್ರಗಳನ್ನು ಗೀರಿದರೆ ಆ ನಕ್ಷತ್ರವು ತಾನಾಗಿ ಮೂಡುವುದು. ಹೆನ್ರಿ ಕಸಿನ್ಸ್‌ನಂತಹ ಪುರಾತತ್ತ್ವಜ್ಞರು ಈ ಸೀಮೆಯ ಗುಡಿಗಳನ್ನು ಅಳೆದು ನಕ್ಷೆಗಳನ್ನು 1926ರಷ್ಟು ಹಿಂದೆಯೇ ಪ್ರಕಟಿಸಿರುವುದರಿಂದ ಆಧಾರಕ್ಕೂ ಕೊರತೆಯಿಲ್ಲ.

ಚಕ್ಕಡಿಗೆ ಮಾತ್ರ ಅಂತಹ ನಕ್ಷೆಗಳ ಆಸರೆಯಿಲ್ಲ. ಜಾಲಿಯ ಮರದಿಂದ ಬಡಿಗನು ಕಡೆದು ಕೂಡಿಸಿದ ನಾಭಿ, ಅರ, ವಟ್ಟಗಳ ಮೇಲೆ ಕಮ್ಮಾರನು ಕಾಯಿಸಿದ ಕಬ್ಬಿಣದ ಹಳಿಯನ್ನು ತೊಡಿಸಿ, ನೀರೆರೆದು, ಅದು ಕುಗ್ಗುವ ಬಲದಿಂದಲೇ ಇಡಿಯ ಗಾಲಿಯನ್ನು ಬಿಗಿಯುತ್ತಿದ್ದ ವಿದ್ಯೆಯು ಅವರಿಬ್ಬರ ಕೈಯಲ್ಲಿ ಮತ್ತು ಕಣ್ಣಳತೆಯಲ್ಲಿ ಇತ್ತು. ಟೈರಿನ ಗಾಲಿ ಬಂದ ಮೇಲೆ ಆ ಕೈಗಳಿಗೆ ಕೆಲಸ ತಪ್ಪಿತು. ಚಕ್ಕಡಿಯ ಪ್ರತಿಕೃತಿಗೆ 1:12ರ ಪ್ರಮಾಣವು ಅತ್ಯಂತ ಅನುಕೂಲ, ಏಕೆಂದರೆ ಬಡಿಗನ ಒಂದು ಅಡಿಯು ನಮಗೆ ಒಂದು ಇಂಚಾಗುವುದರಿಂದ ಲೆಕ್ಕವನ್ನೇ ಹಾಕಬೇಕಿಲ್ಲ; ನಾಲ್ಕೂವರೆ ಅಡಿಯ ಗಾಲಿಗೆ ನಾಲ್ಕೂವರೆ ಇಂಚು. ಮರಕ್ಕೆ ಜಾಲಿಯನ್ನೇ ಹಿಡಿಯಬೇಡಿ. ಅದರ ಎಳೆಗಳು ಈ ಪ್ರಮಾಣಕ್ಕೆ ಒರಟು. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಹಾಲೆಯಂತಹ ನುಣುಪಾದ ಮರವು ಯೋಗ್ಯ. ಅರಗಳಿಗೆ ಬಿದಿರಿನ ಸೀಳು, ಹಳಿಗೆ ತಗಡಿನ ಪಟ್ಟಿ, ಕಡೆಗೀಲಿಗೆ ಗುಂಡುಸೂಜಿ ಸಾಕು.

ಓದುಗರಲ್ಲಿ ಒಂದು ವಿನಂತಿ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಿನ ಹಳ್ಳಿಗಳಲ್ಲಾಗಲಿ, ನಿಮ್ಮ ಅಥವಾ ನೆಂಟರ ಮನೆಯ ಹಿತ್ತಿಲಲ್ಲಿ ಮರದ ಗಾಲಿಯ ಚಕ್ಕಡಿಯೊಂದು ಇನ್ನೂ ಇದ್ದರೆ, ಅದು ಉರುವಲಿಗೆ ಹೋಗುವ ಮೊದಲು ಅಳತೆಪಟ್ಟಿಯನ್ನು ಹಿಡಿದು ಹೋಗಿರಿ. ನೊಗದ ಉದ್ದ, ಗಾಲಿಯ ವ್ಯಾಸ, ಅರಗಳ ಸಂಖ್ಯೆ, ಅಚ್ಚಿನ ದಪ್ಪ, ಹಳಿಯ ಅಗಲ, ಇವೆಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಚಿತ್ರಸಮೇತ ಬರೆದುಕೊಳ್ಳಿರಿ. ಕಟ್ಟಿದ ಹಿರಿಯ ಬಡಿಗನು ಊರಿನಲ್ಲಿದ್ದರೆ ಒಂದೊಂದು ಭಾಗದ ಹೆಸರನ್ನೂ ಆತನ ಬಾಯಿಂದಲೇ ಕೇಳಿ ಅದರ ಎದುರಿಗೆ ದಾಖಲಿಸಿರಿ. ಪ್ರತಿಕೃತಿಯನ್ನು ಮುಂದಿನ ವರ್ಷವೂ ಕಟ್ಟಬಹುದು. ಅಳತೆಯನ್ನು ಈ ಬೇಸಿಗೆಯಲ್ಲಿಯೇ ತೆಗೆದುಕೊಳ್ಳಿರಿ.